ನೂರಾ ಇಪ್ಪತ್ತು ಬ್ರಾಸಿನ ಡಿಗ್ರಿ

ನಮ್ಮ ಕಾಕಾನಷ್ಟು ದುಬಾರಿ ಮನುಷ್ಯ ಆ ಕಾಲದ ಶಹಾಬಾದದಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಸಾಬೀತು ಮಾಡಬಲ್ಲೆ. ದುಬಾರಿ ಎಂದರೆ ಅವನೇನೂ ಚಿನ್ನದ ಗುಂಡಿಯ ಅಂಗಿ ತೊಡುತ್ತಿರಲಿಲ್ಲ. ಇದ್ದದ್ದು ಎರಡು ಜುಬ್ಬಾ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಆದರೆ ಅವನು ನಮ್ಮ ಮನೆಗೆ ಬಿದ್ದದ್ದು ನೂರಾ ಇಪ್ಪತ್ತು ಬ್ರಾಸಿಗೆ! ಕಲ್ಲಿನ ಊರು ಕಾಣದವರಿಗಾಗಿ ಹೇಳುತ್ತೇನೆ: ನೂರು ಚದರಡಿ ಫರಸಿ ಕಲ್ಲಿಗೆ ಒಂದು ಬ್ರಾಸು. ಅಂದರೆ ಹನ್ನೆರಡು ಸಾವಿರ ಚದರಡಿ ಕಲ್ಲು, ಅದೂ ಪಾಲಿಶ್ ಹೊಡೆದು ಮುಖ ಕಾಣುವಂತೆ ಮಾಡಿದ ಕಲ್ಲು. ಅಷ್ಟನ್ನೂ ಲಾರಿಗೆ ಹೇರಿ ಕಳಿಸಿ ನಾವು ಪಡೆದದ್ದೇನು? ಕಾಕಾನ ನಾಟಕದ ಡಿಗ್ರಿ.

ಅಪ್ಪ ಕಾಕಾನಿಗಿಂತ ಹದಿನೆಂಟು ವರ್ಷ ದೊಡ್ಡವನು. ಅಜ್ಜ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಮಗನ ಹಾಗೆ ಬೆಳೆಸಿದ. ಮನೆಯ ಹಿಂದೆಯೇ ನಮ್ಮ ಅಡ್ಡೆ. ರಾವೂರಿನ ಖಣಿಯಿಂದ ಫರಸಿ ತಂದು ಅಲ್ಲಿ ಕತ್ತರಿಸಿ ಪಾಲಿಶ್ ಮಾಡುತ್ತಿದ್ದರು. ಕಾಕಾ ಬೆಂಗಳೂರಿಗೆ ಹೋಗಿ ನಾಟಕ ಕಲಿಯುತ್ತೇನೆ ಎಂದಾಗ ಅವ್ವ ನಕ್ಕಳು, ಅಜ್ಜಿ ಹರಕೆ ಹೊತ್ತಳು. ಅಪ್ಪ ಮಾತ್ರ ಯೋಚನೆ ಮಾಡಿದ. ಅವನಿಗೆ ನಾಟಕದ ಮೇಲೆ ನಂಬಿಕೆ ಇರಲಿಲ್ಲ, ಸರಕಾರದ ಮೇಲಿತ್ತು.

"ನಾಟಕಕ್ಕ ಡಿಗ್ರಿ ಇಟ್ಟಾರ ಅಂದ್ರ ಅದಕ್ಕೊಂದು ನೌಕರಿನೂ ಇಟ್ಟಿರ್ತಾರ," ಅಂದ. "ಸುಮ್ಮನ ಕಾಗದ ಹಂಚಲಿಕ್ಕ ಸರಕಾರಕ್ಕ ಹುಚ್ಚದೇನು?"

ನಮ್ಮ ಅಪ್ಪ ತನ್ನ ಜೀವಮಾನದಲ್ಲಿ ಲೆಕ್ಕ ತಪ್ಪಿದ್ದು ಇದೊಂದೇ ಸಲ. ತಪ್ಪಿದ್ದಕ್ಕೆ ದಂಡವೂ ಭಾರೀ ಬಿತ್ತು. ಕಲ್ಲಿನ ಸಾಹುಕಾರರೊಬ್ಬರು ಮೂರು ವರ್ಷದ ಖರ್ಚು ಕೊಡಲು ಒಪ್ಪಿದರು. ಕರಾರು ಇಷ್ಟೇ: ಸಾಲ ತೀರುವವರೆಗೆ ನಮ್ಮ ಅಡ್ಡೆಯ ಕಲ್ಲು ಅವರಿಗೇ ಹೋಗಬೇಕು, ಅವರು ಹೇಳಿದ ದರಕ್ಕೇ ಹೋಗಬೇಕು. ಹಾಗೆ ಹೋದ ಕಲ್ಲು ಸೊಲ್ಲಾಪುರದ ಯಾರದೋ ಪಡಸಾಲೆಯಾಯಿತು, ಹೈದರಾಬಾದಿನ ಯಾರದೋ ಬಚ್ಚಲಾಯಿತು. ಇವತ್ತಿಗೂ ಅಲ್ಲೆಲ್ಲ ಜನ ನಮ್ಮ ಕಾಕಾನ ಡಿಗ್ರಿಯ ಮೇಲೆ ಕಾಲಿಟ್ಟು ಓಡಾಡುತ್ತಿದ್ದಾರೆ!

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷವೇ ಕಾಕಾ ಡಿಗ್ರಿ ಹಿಡಿದುಕೊಂಡು ವಾಡಿ ಸ್ಟೇಶನ್ನಿನಲ್ಲಿ ಇಳಿದ. ಕರೆಯಲು ಹೋದ ಅಪ್ಪನ ಜೊತೆ ನಾನೂ ಇದ್ದೆ. ಅಪ್ಪ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದ. ಆದರೂ ಕಾಕಾ "ಅಣ್ಣಾ" ಎಂದು ಕರೆದ ರೀತಿಗೆ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ತಮ್ಮಂದಿರಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಹಮಾಲನೊಬ್ಬ ಹೊತ್ತ ಟ್ರಂಕನ್ನೇ ಇಳಿಸಿಬಿಟ್ಟ. ಅಪ್ಪನಿಗೆ ನಾಚಿಕೆಯೋ ನಾಚಿಕೆ. ಗಾಡಿ ಬದಲಿಸಿ ಮನೆ ಮುಟ್ಟುವವರೆಗೂ ಕಿಟಕಿಯ ಹೊರಗೇ ನೋಡುತ್ತಾ ಕುಳಿತ.

ನಾನಾಗ ಗುಲಬರ್ಗಾದಲ್ಲಿ ಬಿ.ಕಾಂ. ಓದುತ್ತಿದ್ದೆ. ಜಮಾ ಖರ್ಚು ಕಲಿಯುತ್ತಿದ್ದವಳಿಗೆ ಮನೆಯಲ್ಲೇ ಇಂಥ ಖಾತೆ ಸಿಕ್ಕರೆ ಬಿಡಲಾಗುತ್ತದೆಯೇ? ಒಂದು ಉದ್ದನೆಯ ಪುಸ್ತಕ ತಂದು ಬಲಗಡೆ ಖರ್ಚು ಬರೆದೆ, ನೂರಾ ಇಪ್ಪತ್ತು ಬ್ರಾಸು. ಎಡಗಡೆ ಜಮಾ ಎಂದು ಬರೆದು ಕಾದು ಕುಳಿತೆ. ಅಪ್ಪನಿಗೆ ನನ್ನ ಪುಸ್ತಕ ಓದಲು ಬರುತ್ತಿರಲಿಲ್ಲ. ಅವನು ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು, ಕನ್ನಡದಲ್ಲಿ ಸಹಿ ಮಾಡಿದರೆ ಅದೇ ಹೆಚ್ಚು. ಆದರೂ ಆಗಾಗ ಬಂದು ಎಡಗಡೆಯ ಖಾಲಿ ಹಾಳೆ ನೋಡಿ ಹೋಗುತ್ತಿದ್ದ. ಖಾಲಿ ಹಾಳೆ ಓದಲು ಯಾವ ಭಾಷೆಯಾದರೇನು?

ಕಾಕಾನಿಗೆ ಕಾಲೇಜಿನಲ್ಲಿ ಒಂದು ಮಾತು ತಲೆಗೆ ಹತ್ತಿತ್ತು. "ಕಡೀ ಸಾಲಿನ್ಯಾಗ ಕುಂತವನಿಗೂ ಮುಟ್ಟಬೇಕು. ಕಿವಿಗೆ ಮುಟ್ಟದಿದ್ರ ಕಣ್ಣಿಗಾದ್ರೂ ಮುಟ್ಟಬೇಕು," ಎನ್ನುತ್ತಿದ್ದ. ಸರಿ, ಆದರೆ ನಮ್ಮ ಮನೆಯಲ್ಲಿ ಇದ್ದದ್ದೇ ಐದು ಮಂದಿ, ಕಡೀ ಸಾಲನ್ನು ಎಲ್ಲಿಂದ ತರುವುದು? ಅವನು ಚಹಾ ಕೇಳಿದರೆ ಮೊದಲು ಹುಬ್ಬು ಏರುತ್ತಿತ್ತು, ಆಮೇಲೆ ಕೈ ಏಳುತ್ತಿತ್ತು, ಆಮೇಲೆ ತುಟಿ ಎರಡೂ ಕಡೆ ಹಿಗ್ಗಿ ಆ ಎರಡಕ್ಷರ ಹೊರಬರುತ್ತಿತ್ತು. ಅವ್ವ ನನ್ನನ್ನು ಒಳಗಿನಿಂದಲೇ ದೂಡುತ್ತಿದ್ದಳು: "ಲಗೂನ ಒಯ್ದು ಕೊಡು, ಇಲ್ಲಂದ್ರ ಇನ್ನೊಂದು ಸಲ ಕೇಳ್ತಾನ."

ಬೆಳಿಗ್ಗೆ ಅಂಗಳದಲ್ಲಿ ನಿಂತು ಬಾಯಿಯ ಕಸರತ್ತು ಮಾಡುತ್ತಿದ್ದ. ದವಡೆ ಅಗಲಿಸುವುದು, ನಾಲಿಗೆ ಹೊರಳಿಸುವುದು, ದನಿ ಇಲ್ಲದೆ ಬರೀ ತುಟಿಯಲ್ಲಿ ಅರ್ಧ ಗಂಟೆ ಮಾತಾಡುವುದು. ಎರಡು ದಿನ ನೋಡಿದ ಪಕ್ಕದ ಮನೆಯ ಖಾಲಾ ಮೂರನೆಯ ದಿನ ಕರುಳು ಚುರ್ ಎಂದು ಒಂದು ಹಿಡಿ ಲವಂಗ ತಂದುಕೊಟ್ಟರು, ಹಲ್ಲುನೋವಿಗೆ. ಕಾಕಾ ಕೈಮುಗಿದು ತೆಗೆದುಕೊಂಡ. ನಾನು ಅದನ್ನು ಜಮಾ ಕಡೆಗೆ ಬರೆದೆ. ಡಿಗ್ರಿಯ ಮೊದಲ ಗಳಿಕೆ!

ಇನ್ನು ನೌಕರಿ. ಚಿತ್ತಾಪುರದ ಒಂದು ಶಾಲೆಯಲ್ಲಿ ತಾತ್ಕಾಲಿಕ ಜಾಗ ಖಾಲಿಯಿತ್ತು. ಅಲ್ಲಿಯ ಹೆಡ್‌ಮಾಸ್ತರರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಗಣಿತ ಇದೆಯೇ, ಇಂಗ್ಲಿಷು ಇದೆಯೇ ಎಂದು ಕೇಳಿದರಂತೆ. ಎರಡೂ ಇಲ್ಲ, ಅಭಿನಯ ಇದೆ ಎಂದನಂತೆ ಕಾಕಾ. ಅವರು ಸ್ವಲ್ಪ ಹೊತ್ತು ಯೋಚಿಸಿ ಡ್ರಿಲ್ ಕೊಟ್ಟರು. ಇವನು ಡ್ರಿಲ್ಲಿನ ಹೆಸರಿನಲ್ಲಿ ಮಕ್ಕಳಿಗೆ ಮುದುಕರ ಹಾಗೆ ನಡೆಯುವುದನ್ನೂ, ಪೆಟ್ಟಾಗದಂತೆ ಬೀಳುವುದನ್ನೂ ಕಲಿಸಿದ. ಎರಡು ತಿಂಗಳಾದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಡ್ರಿಲ್ ನೋಡೋಣ ಎಂದರು. ಕಾಕಾ ಒಂದು, ಎರಡು, ಮೂರು ಎಂದ. ನಲವತ್ತು ಮಕ್ಕಳು ಎದೆ ಹಿಡಿದುಕೊಂಡು ಮೈದಾನದಲ್ಲಿ ದೊಪ್ಪನೆ ಸತ್ತುಬಿದ್ದರು! ಸಾಹೇಬರು ನೀರು ಕೇಳಿದರು. ಎದ್ದೇಳಿ ಎಂದ ಮೇಲೆ ಮೂವತ್ತೊಂಬತ್ತು ಮಕ್ಕಳು ಎದ್ದರು, ಒಬ್ಬ ಏಳಲಿಲ್ಲ. ಹೆಡ್‌ಮಾಸ್ತರರು ಅಳುವುದೊಂದು ಬಾಕಿ. ಹತ್ತಿರ ಹೋಗಿ ನೋಡಿದರೆ ಅವನಿಗೆ ನಿದ್ದೆ ಹತ್ತಿತ್ತು. ಕಾಕಾ ಆ ಸಂಜೆಯ ಗಾಡಿಗೇ ಮನೆಗೆ ಬಂದ.

ಆಮೇಲೆ ಸೇಡಂಗೆ ಒಂದು ಟೂರಿಂಗ್ ಟಾಕೀಸು ಬಂತು. ಟಾಂಗಾದಲ್ಲಿ ಕುಳಿತು, ತಗಡಿನ ಭೋಂಗಾದಲ್ಲಿ ಸಿನಿಮಾದ ಪ್ರಚಾರ ಕೂಗುವ ಕೆಲಸ. ದನಿ ಇದ್ದವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಉಳಿದವರಾದರೆ ನಟರ ಹೆಸರು ಕೂಗಿ, ಕುಸ್ತಿ ಇದೆ, ಹಾಡಿದೆ ಎಂದು ಮುಂದೆ ಹೋಗುತ್ತಾರೆ. ಕಾಕಾ ಹಾಗೆ ಬಿಡುವವನೇ? ಒಂದೊಂದು ಚೌಕದಲ್ಲೂ ಟಾಂಗಾ ನಿಲ್ಲಿಸಿ, ತಾಯಿ ಮಗ ಅಗಲಿದ್ದರಿಂದ ಹಿಡಿದು ಕೂಡಿದ್ದರವರೆಗೆ ಪೂರ್ತಿ ಕಥೆ ಮಾಡಿ ತೋರಿಸಿದ. ಸೇಡಂನ ಹೆಂಗಸರು ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು ಸಮಾಧಾನದಿಂದ ಒಳಗೆ ಹೋಗಿ ರೊಟ್ಟಿ ಬಡಿದರು. ಕೊನೆಗೂ ತಾಯಿ ಸಿಕ್ಕಳಲ್ಲ, ಇನ್ನು ಟಿಕೀಟು ಯಾಕೆ? ಮೂರು ದಿನ ಡೇರೆ ಖಾಲಿ. ಮಾಲಕ ಕೂಲಿ ಕೊಡಲಿಲ್ಲ, ಟಾಂಗಾದ ಬಾಡಿಗೆ ಕೇಳಿದ. ಅಪ್ಪ ಇನ್ನರ್ಧ ಬ್ರಾಸು ಕೊಟ್ಟು ಬಿಡಿಸಿಕೊಂಡು ಬಂದ. ಖರ್ಚಿನ ಕಡೆ ಬರೆದೆ.

ಆದರೆ ಕಾಕಾನ ಕೀರ್ತಿ ಶಿಖರ ಮುಟ್ಟಿದ್ದು ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ. ಊರ ಹುಡುಗರು ನಾಟಕ ಕಲಿಸಲು ಮಾಸ್ತರನನ್ನು ಹುಡುಕುತ್ತಿದ್ದರು. ಡಿಗ್ರಿ ಆದ ಮಾಸ್ತರನೇ ಸಿಕ್ಕನೆಂದು ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ದರು. ಬಂಡಿಯಿಂದ ಇವನು ಇಳಿದ ಕೂಡಲೇ ಊರ ಹಿರಿಯರು ಬಂಡಿಯೊಳಗೆ ಇಣುಕಿ ಇಣುಕಿ ನೋಡಿದರು.

"ಪೇಟಿ ಎಲ್ಲದರಿ, ಮಾಸ್ತರ?"

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಪೇಟಿ ಬಾರಿಸದವನು ನಾಟಕದ ಮಾಸ್ತರನೇ ಅಲ್ಲ. ತನಗೆ ಪೇಟಿ ಬರುವುದಿಲ್ಲ ಎಂದು ಕಾಕಾ ಒಪ್ಪಿಕೊಂಡ.

"ಪೇಟಿ ಬರಂಗಿಲ್ಲಂದ್ರ ಮತ್ತ ಮೂರು ವರ್ಷ ಏನು ಕಲತ್ರಿ?"

"ಸುಮ್ಮನ ನಿಂದ್ರೋದು ಕಲತೀನ್ರಿ."

"ಸುಮ್ಮನ ನಿಂದ್ರಲಿಕ್ಕ ನಮ್ಮೂರಾಗೂ ಭಾಳ ಮಂದಿಗೆ ಬರ್ತದ," ಎಂದರಂತೆ ಹಿರಿಯರು. ಆದರೂ ಕರೆತಂದಾಗಿತ್ತು, ಇರಲಿ ಎಂದು ಪಕ್ಕದ ಊರಿನಿಂದ ಪೇಟಿಯವನನ್ನು ತರಿಸಿದರು. ಕಾಕಾ ತನ್ನ ಮೌನದ ವಿದ್ಯೆಯನ್ನೆಲ್ಲ ರಾಜನ ಪಾತ್ರದವನಿಗೆ ಧಾರೆಯೆರೆದ. ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಕೂಡಲೇ ಮಾತಾಡಬಾರದು, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ ಆಮೇಲೆ ಬಾಯಿ ತೆರೆಯಬೇಕು ಎಂದು ಕಟ್ಟಪ್ಪಣೆ. ನಾಟಕದ ದಿನ ರಾಜ ಎಣಿಸತೊಡಗಿದ. ನೋಡುವವರು ಪಾಪ, ಹುಡುಗ ಮಾತು ಮರೆತ ಎಂದುಕೊಂಡರು. ಎಡಗಡೆಯ ಪರದೆಯ ಹಿಂದಿನಿಂದ ಒಬ್ಬ ಮಾತು ಎತ್ತಿಕೊಟ್ಟ, ಬಲಗಡೆಯಿಂದ ಇನ್ನೊಬ್ಬ. ರಾಜ ಎಣಿಸುತ್ತಲೇ ಇದ್ದ. ಪೇಟಿಯವನು ಸಹಾಯಕ್ಕೆಂದು ಒಂದು ರಾಗ ಎಳೆದ. ಕೊನೆಗೆ ಹೆಂಗಸರ ಕಡೆ ಕುಳಿತಿದ್ದ ರಾಜನ ತಾಯಿ ತಡೆಯಲಾರದೆ ಎದ್ದು ನಿಂತಳು. ತಿಂಗಳಿಡೀ ಒಲೆಯ ಮುಂದೆ ಕೇಳಿ ಕೇಳಿ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು. ಪೂರ್ತಿ ಮಾತನ್ನು ಅಲ್ಲಿಂದಲೇ ಹೇಳಿಕೊಟ್ಟಳು. ಹದಿನೇಳಕ್ಕೆ ಬಂದಿದ್ದ ರಾಜ ಕಿರೀಟದ ಸಮೇತ ಅತ್ತ ತಿರುಗಿ "ಹೂಂ ಅವ್ವಾ" ಎಂದ!

ಒಪ್ಪಿದ ಸಂಭಾವನೆಗೆ ಬದಲು ಒಂದು ಚೀಲ ತೊಗರಿ ಕೊಟ್ಟು ಬೀಳ್ಕೊಟ್ಟರು. ಚೀಲ ಮನೆಗೆ ಬಂದ ದಿನ ನಾನು ಲೆಕ್ಕ ಹಾಕಿದೆ. ಚಿತ್ತಾಪುರದ ಪಗಾರ, ತೊಗರಿ, ಲವಂಗ ಎಲ್ಲ ಸೇರಿ ನಾಲ್ಕು ಬ್ರಾಸು ಮುಟ್ಟಲಿಲ್ಲ. ಪುಸ್ತಕವನ್ನು ಕಾಕಾನ ಮುಂದೆ ಹಿಡಿದೆ. ನನಗಾಗ ಒಂದು ಸಣ್ಣ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತ್ತು, ನಾಲಿಗೆ ಉದ್ದವಾಗಿತ್ತು.

"ಇದರಾಗ ನಾಟಕ ನೋಡಿದವರ ಖಾತಿ ಎಲ್ಲದವಾ?" ಎಂದು ಕೇಳಿದ ಕಾಕಾ.

"ನೋಡಿದವರು ಯಾರು, ಕಾಕಾ? ಸಾಲ ಮಾಡಿದ ನಮ್ಮಪ್ಪನೇ ನಿಂದು ಒಂದೂ ನಾಟಕ ನೋಡಿಲ್ಲ."

ಹುಬ್ಬು ಏರಲಿಲ್ಲ, ಕೈ ಏಳಲಿಲ್ಲ. ಪುಸ್ತಕವನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟು ಎದ್ದು ಹೋದ. ಕಾಕಾನ ಮುಖದಲ್ಲಿ ನಟನೆ ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. ಮನಸ್ಸಿಗೆ ಕಸಿವಿಸಿಯಾಯಿತು, ಆದರೆ ಲೆಕ್ಕ ಲೆಕ್ಕವೇ ಎಂದು ಪುಸ್ತಕ ಎತ್ತಿಟ್ಟೆ.

ಅಪ್ಪ ನಾಟಕ ನೋಡದಿರಲು ಕಾರಣವಿತ್ತು. ಸಾಹುಕಾರರ ಬ್ರಾಸು ತೀರಿಸಬೇಕೆಂದು ಆಳನ್ನು ಬಿಡಿಸಿ ಪಾಲಿಶ್ ಮಷೀನಿನ ಮುಂದೆ ತಾನೇ ಕುಳಿತುಬಿಟ್ಟಿದ್ದ. ಕಲ್ಲನ್ನು ತಿಕ್ಕುವ ಆ ಸದ್ದು ಎಂಥದೆಂದರೆ ಮನೆಯೊಳಗೆ ನಾವು ಸನ್ನೆಯಲ್ಲೇ ಉಪ್ಪು ಕೇಳುತ್ತಿದ್ದೆವು. ಮಧ್ಯಾಹ್ನ ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಊಟಕ್ಕೆ ಕೂಗುತ್ತಿದ್ದಳು. ಕೇಳಿಸದೆ ಹೋದಾಗ ಸೆರಗಿನ ತುದಿ ಹಿಡಿದು ಬೀಸುತ್ತಿದ್ದಳು. ಅಪ್ಪ ಕಂಡರೂ ಇನ್ನೊಂದು ಕಲ್ಲು ಎಂದು ಬೆರಳು ತೋರಿಸುತ್ತಿದ್ದ. ಹೀಗೆ ಆರು ವರ್ಷ. ಸಾಲ ತೀರಿತು. ಕಾಕಾ ಅಡ್ಡೆಯಲ್ಲೇ ಬಿಲ್ಲು ಬರೆಯುತ್ತಾ ಕುಳಿತ. ಪಗಾರ ಎರಡು ಹೊತ್ತಿನ ರೊಟ್ಟಿ.

ಸಾಲದ ಜೊತೆ ಇನ್ನೊಂದು ಹೋಗಿದ್ದು ನಮಗೆ ತಡವಾಗಿ ತಿಳಿಯಿತು. ಅಪ್ಪ ಹೇಳಿದ್ದಕ್ಕೆಲ್ಲ ತಲೆಯಾಡಿಸತೊಡಗಿದ್ದ. ಉಂಡೆಯಾ ಎಂದರೂ ತಲೆಯಾಡಿಸಿದ, ಲಾರಿ ಬರಲಿಲ್ಲ ಎಂದರೂ ತಲೆಯಾಡಿಸಿದ. ವಯಸ್ಸಾಯಿತು, ಮೆತ್ತಗಾದ ಎಂದುಕೊಂಡೆವು. ಅಜ್ಜಿ ತೀರಿಕೊಂಡಾಗಲೂ ಹಾಗೆಯೇ. ಕೊನೆಗಳಿಗೆಯಲ್ಲಿ ಕಾಕಾನ ತೊಡೆಯ ಮೇಲೆ ತಲೆಯಿಟ್ಟು, ಅಪ್ಪನ ಕೈ ಹಿಡಿದು ಏನೋ ಹೇಳಿದಳು, ಅಪ್ಪ ತಲೆಯಾಡಿಸಿದ. ಅವರು ತಾಯಿ ಮಗ, ಅದು ಅವರ ಮಾತು ಎಂದು ನಾವು ಯಾರೂ ಆಮೇಲೆ ಎತ್ತಲಿಲ್ಲ.

ಮರುವರ್ಷ ನನ್ನ ಮದುವೆಯ ಮಾತಿಗೆ ಗುಲಬರ್ಗಾದ ಒಂದು ಮನೆಯವರು ಬಂದರು. ಅಪ್ಪ ಅವರಿಗೆ ಎದುರಾಗಿ ಕುಳಿತ. ಕಾಕಾನ ಮುಖ ನೋಡಿ ಬೀಗರು ಓಡಿಹೋದಾರೆಂದು ಅವ್ವ ಅವನನ್ನು ಅವರ ಬೆನ್ನ ಹಿಂದೆ, ಬಾಗಿಲ ಹತ್ತಿರ ಕೂಡಿಸಿದ್ದಳು. ನಾನು ಚಹಾದ ತಾಟು ಹಿಡಿದು ಒಳಬಾಗಿಲಲ್ಲಿ ನಿಂತಿದ್ದೆ. ಹುಡುಗನ ತಂದೆ ಸಾವಕಾಶವಾಗಿ ಮಾತು ತೆಗೆದು, ಹುಡುಗಿ, ಮನೆತನ ಎಲ್ಲ ಒಪ್ಪಿಗೆ, ಆದರೆ ಬ್ಯಾಂಕಿನ ನೌಕರಿ ಬಿಡಬೇಕು, ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ದುಡಿಯುವ ಪದ್ಧತಿ ಇಲ್ಲ ಎಂದರು. ಅಪ್ಪ ಮುಗುಳ್ನಕ್ಕು ತಲೆಯಾಡಿಸಿದ.

ನನ್ನನ್ನು ಹಟ ಮಾಡಿ ಓದಿಸಿದ ಅಪ್ಪ ಇವನೇ ಏನು? ಹುಡುಗನ ತಂದೆ ಇನ್ನೊಮ್ಮೆ ಕೇಳಿದರು: ಹಾಗಾದರೆ ಬರುವ ತಿಂಗಳೇ ರಾಜೀನಾಮೆ ಕೊಡಲಿ, ಅಲ್ಲವೇ? ಅಪ್ಪ ಮತ್ತೆ ತಲೆಯಾಡಿಸಲು ಹೊರಟವನು ಅರ್ಧಕ್ಕೆ ನಿಂತ. ಅವನ ಕಣ್ಣು ಬಾಗಿಲ ಕಡೆ ಹೋಗಿತ್ತು. ನೋಡಿದರೆ ಕಾಕಾ ಬೀಗರ ಬೆನ್ನ ಹಿಂದೆ ಎದ್ದು ನಿಂತಿದ್ದ. ದನಿ ಒಂದಿಷ್ಟೂ ಇಲ್ಲ. ಅಂಗಳದಲ್ಲಿ ವರ್ಷಗಟ್ಟಲೆ ಮಾಡಿದ ಅದೇ ತುಟಿ, ಅದೇ ದವಡೆ, ಅದೇ ಹುಬ್ಬು. ನನ್ನ ಕಡೆ ಕೈ ತೋರಿಸಿದ, ನೋಟು ಎಣಿಸಿದ, ಕೊರಳಿಗೆ ತಾಳಿ ಕಟ್ಟಿದ, ಎಣಿಸುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದ. ಒಂದೊಂದು ಶಬ್ದವನ್ನೂ ಬಾಯಿಯಲ್ಲಿ ಬಿಡಿಸಿ ಇಟ್ಟ.

ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಬೀಗರ ಕಡೆ ತಿರುಗಿ ಹೇಳಿದ:

"ಇಲ್ರಿ. ನನ್ನ ಮಗಳು ನೌಕರಿ ಬಿಡಂಗಿಲ್ಲ."

ಬೀಗರು ಚಹಾ ಮುಗಿಸದೆ ಎದ್ದು ಹೋದರು. ನೂರಾ ಇಪ್ಪತ್ತು ಬ್ರಾಸು ನುಂಗಿದ ಡಿಗ್ರಿ ಆ ದಿನ ನನ್ನ ಬಿ.ಕಾಂ. ಡಿಗ್ರಿಯನ್ನು ಉಳಿಸಿಕೊಟ್ಟಿತು. ನಾನಿನ್ನೂ ತಾಟು ಹಿಡಿದು ನಿಂತೇ ಇದ್ದೆ. ಆ ತಲೆಯಾಟ ಕಂಡ ಕೂಡಲೇ ಕಾಕಾನಿಗೆ ತಿಳಿದದ್ದು ನನಗೆ ಹೊಳೆದದ್ದೇ ಆಗ: ಅಪ್ಪನಿಗೆ ಕಿವಿ ಕೇಳುವುದಿಲ್ಲ. ಆರು ವರ್ಷದ ಸಾಲವನ್ನು ಅವನು ಯಾವುದರಿಂದ ತೀರಿಸಿದ್ದ ಎಂಬುದನ್ನು ನನ್ನ ಪುಸ್ತಕದ ಖರ್ಚಿನ ಕಡೆ ನಾನು ಬರೆದೇ ಇರಲಿಲ್ಲ. ಎಲ್ಲರನ್ನೂ ನಗಿಸಲು ಆ ಪುಸ್ತಕ ತೆಗೆದು ತೋರಿಸುತ್ತಿದ್ದ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅಪ್ಪ ತಮ್ಮನನ್ನು ಎದುರಿಗೆ ಕರೆದ. ಅವನಿಗೆ ಕೇಳಬೇಕಾದದ್ದು ಒಂದು ವರ್ಷದಿಂದ ಉಳಿದುಬಿಟ್ಟಿತ್ತು.

"ತಮ್ಮಾ, ನಮ್ಮವ್ವ ಹೋಗಾಗ ನನಗ ಏನೋ ಅಂದ್ಲಲ್ಲ. ಏನಂದ್ಲು?"

ಕಾಕಾ ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆ ಹೊದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತ. ಬೆನ್ನು ಬಾಗಿತು, ಒಂದು ಕೈ ಬಾಗಿಲ ಚೌಕಟ್ಟು ಹಿಡಿಯಿತು. ಅಜ್ಜಿಯೇ ಬಂದು ನಿಂತಳು, ಸುಳ್ಳು ಹೇಳುವುದಿಲ್ಲ. ಟವೆಲಿನ ತುದಿಯನ್ನು ಎರಡು ಸಲ ಬೀಸಿದ. ಆಮೇಲೆ ಅವಳ ಬಾಯಿ ಮೆಲ್ಲಗೆ ತೆರೆದು ಹೇಳಿತು. ದನಿ ಇರಲಿಲ್ಲ, ಆದರೆ ಒಳಬಾಗಿಲಲ್ಲಿದ್ದ ನನಗೂ ಪೂರ್ತಿ ತಿಳಿಯಿತು. ಸಾಕು, ಮಷೀನು ಬಂದ್ ಮಾಡಿ ಉಣ್ಣು ಬಾ.

ಅಪ್ಪ ನೋಡಿದ ತಮ್ಮನ ಮೊದಲ ನಾಟಕ ಅದು. ಕುಳಿತಲ್ಲೇ ಮುಖ ಮುಚ್ಚಿಕೊಂಡು ಅತ್ತ. ಕಾಕಾ ಟವೆಲು ತೆಗೆದು ಓಡಿಬಂದು ಅಣ್ಣನ ಕಾಲ ಹತ್ತಿರ ಕುಳಿತ, ಅವನೂ ಅತ್ತ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದು ಕೈ ತೊಳೆದು, ಎರಡು ತಾಟು ಹಾಕು ಎಂದು ಅವ್ವನಿಗೆ ಹೇಳಿದ. ತನ್ನ ಪಕ್ಕದಲ್ಲಿ ಕೂರಲು ಬಂದ ಕಾಕಾನನ್ನು ತೋಳು ಹಿಡಿದು ತಡೆದ.

"ಅಲ್ಲಿ ಬ್ಯಾಡ. ಎದುರಿಗೆ ಕುಂದ್ರು, ಬೆಳಕಿನ್ಯಾಗ. ಇನ್ನೂ ಭಾಳ ಕೇಳೋದದ."